ಚೀಲದ ಹಿಂಬದಿಯ ಲೆಕ್ಕ

ನಮ್ಮ ಮನೆಯಲ್ಲಿ ಎರಡು ನಾಯಿಗಳಿವೆ. ಕೆಂಚಿ ಬೀದಿಯಿಂದ ಬಂದು ಮನೆ ಸೇರಿದವಳು. ಸಂತಾನಹರಣ ಶಸ್ತ್ರಚಿಕಿತ್ಸೆಯಾಗಿದೆ, ತೂಕ 16 ಕೆ.ಜಿ. ಭೀಮ ಲ್ಯಾಬ್ರಡಾರ್, ತೂಕ 32 ಕೆ.ಜಿ., ಹಸಿವಿಗೆ ಮಾತ್ರ ಅಳತೆಯಿಲ್ಲ. ಶಿವಮೊಗ್ಗದ ಸಹಕಾರ ಸಂಘವೊಂದರಲ್ಲಿ ಲೆಕ್ಕ ಬರೆಯುವ ನನ್ನ ಸಂಬಳದಲ್ಲಿ ಇವೆರಡರ ಡಾಗ್ ಫುಡ್ ಖರ್ಚು ಸಣ್ಣದೇನಲ್ಲ. 2023ರ ಮಳೆಗಾಲದಲ್ಲಿ ನಾವು ತರುತ್ತಿದ್ದ ಚೀಲದ ಬೆಲೆ ಮತ್ತೊಮ್ಮೆ ಏರಿತು. ಅದೇ ಹೊತ್ತಿಗೆ ಕೆಂಚಿಯ ಬೆನ್ನಿನ ಕೂದಲು ಹೊಳಪು ಕಳೆದುಕೊಂಡು ಒರಟಾಗುತ್ತಿರುವುದನ್ನೂ, ಎರಡೂ ನಾಯಿಗಳ ಮಲ ಪ್ರಮಾಣದಲ್ಲಿ ಹೆಚ್ಚಾಗಿ ಮೆತ್ತಗಾಗುತ್ತಿರುವುದನ್ನೂ ನನ್ನ ಹೆಂಡತಿ ಗಮನಿಸಿದ್ದಳು. ಹೆಚ್ಚು ಹಣ ಕೊಟ್ಟು ಕಡಿಮೆ ಗುಣ ಕೊಳ್ಳುತ್ತಿದ್ದೇವೆ ಎಂಬ ಅನುಮಾನ ಇಬ್ಬರಿಗೂ ಬಂದಿದ್ದರಿಂದ ಒಂದು ಭಾನುವಾರ ಬೆಳಿಗ್ಗೆ ಕೈಪುಸ್ತಕವನ್ನೂ ಕ್ಯಾಲ್ಕ್ಯುಲೇಟರನ್ನೂ ಹಿಡಿದು ಪೆಟ್ ಶಾಪಿಗೆ ಹೋದೆ.

ಅಂಗಡಿಯವರು ಮೊದಲು ತೋರಿಸಿದ್ದು ಚೀಲಗಳ ಮುಂಬದಿಯನ್ನೇ. ಒಂದರ ಮೇಲೆ ಹಿಮದ ನಡುವೆ ನಿಂತ ತೋಳ, ಇನ್ನೊಂದರ ಮೇಲೆ ಹೋಳು ಮಾಡಿದ ಸಾಲ್ಮನ್ ಮೀನು, ಮತ್ತೊಂದರ ಮೇಲೆ ಬ್ಲೂಬೆರಿ ಹಣ್ಣು. "ಇದು ಸೂಪರ್ ಪ್ರೀಮಿಯಂ ಸರ್, ಇದು ಹೋಲಿಸ್ಟಿಕ್, ಇದು ಮಾಮೂಲಿ" ಎಂದು ಅವರು ಮೂರು ಸಾಲುಗಳನ್ನು ವಿಂಗಡಿಸಿ ಹೇಳಿದರು. ಸಾಕುಪ್ರಾಣಿಗಳ ಆಹಾರಕ್ಕೆ ಬಿಗಿಯಾದ ಲೇಬಲ್ ನಿಯಮಗಳಿರುವ ಅಮೆರಿಕದಲ್ಲೂ ಈ ಪ್ರೀಮಿಯಂ, ಹೋಲಿಸ್ಟಿಕ್ ಎಂಬ ಪದಗಳಿಗೆ ಕಾನೂನಿನ ವ್ಯಾಖ್ಯಾನವಿಲ್ಲ. ಆದ್ದರಿಂದ ನಾನು ಚೀಲಗಳನ್ನು ತಿರುಗಿಸಿ ಇಡಲು ಕೇಳಿಕೊಂಡೆ. ಅವರಿಗೆ ಸ್ವಲ್ಪ ಬೇಸರವಾಗಿರಬಹುದು, ಆದರೆ ಕುಳಿತುಕೊಳ್ಳಲು ಸ್ಟೂಲ್ ಕೊಟ್ಟರು.

ಹಿಂಬದಿಯಲ್ಲಿ ಸಣ್ಣ ಅಕ್ಷರಗಳಲ್ಲಿ ಒಂದು ಕೋಷ್ಟಕವಿರುತ್ತದೆ. ಪ್ರೋಟೀನ್ ಮತ್ತು ಕೊಬ್ಬು ಕನಿಷ್ಠ ಇಷ್ಟು, ನಾರು ಮತ್ತು ತೇವಾಂಶ ಗರಿಷ್ಠ ಇಷ್ಟು ಎಂದು ಅದು ಹೇಳುತ್ತದೆ. ಎರಡು ಚೀಲಗಳನ್ನು ಹೋಲಿಸುವಾಗ ತೇವಾಂಶವನ್ನು ಕಳೆದು ನೋಡುವುದು ನ್ಯಾಯ: ಶೇ 12 ತೇವವಿರುವ ಆಹಾರದಲ್ಲಿ ಶೇ 18 ಪ್ರೋಟೀನ್ ಎಂದರೆ, 18ನ್ನು 88ರಿಂದ ಭಾಗಿಸಿದಾಗ ಒಣ ತೂಕದಲ್ಲಿ ಸುಮಾರು ಶೇ 20.5 ಆಗುತ್ತದೆ. ಅಮೆರಿಕದ ಪಶು ಆಹಾರ ನಿಯಂತ್ರಣಾಧಿಕಾರಿಗಳ ಸಂಘ, ಅಂದರೆ ಎಎಎಫ್‌ಸಿಒ, ಬೆಳೆದ ನಾಯಿಗೆ ಒಣ ತೂಕದ ಲೆಕ್ಕದಲ್ಲಿ ಕನಿಷ್ಠ ಶೇ 18 ಪ್ರೋಟೀನ್, ಶೇ 5.5 ಕೊಬ್ಬು, ಮರಿಗಳಿಗೂ ಬಸುರಿ ನಾಯಿಗಳಿಗೂ ಶೇ 22.5 ಪ್ರೋಟೀನ್, ಶೇ 8.5 ಕೊಬ್ಬು ಬೇಕೆಂದು ನಿಗದಿಪಡಿಸಿದೆ. ನಮ್ಮಲ್ಲಿ ಮಾರುವ ಅನೇಕ ಚೀಲಗಳ ಮೇಲೆ ಈ ಸಂಘದ ಹೆಸರು ಕಾಣುತ್ತದೆ. ಹಾಗೆಂದು ಸಂಘವೇ ಆ ಆಹಾರವನ್ನು ಪರೀಕ್ಷಿಸಿ ಮುದ್ರೆಯೊತ್ತಿದೆ ಎಂದು ತಿಳಿಯಬಾರದು. ಅದು ಮಟ್ಟವನ್ನು ಗೊತ್ತುಪಡಿಸುತ್ತದೆಯೇ ಹೊರತು ಯಾವ ಉತ್ಪನ್ನಕ್ಕೂ ಅನುಮೋದನೆ ಕೊಡುವುದಿಲ್ಲ.

ಪ್ರೋಟೀನಿನ ಈ ಅಂಕಿಗೂ ಒಂದು ಮಿತಿಯಿದೆ. ಪ್ರಯೋಗಾಲಯದಲ್ಲಿ ಅಳೆಯುವುದು ಸಾರಜನಕವನ್ನು, ಅದನ್ನು 6.25ರಿಂದ ಗುಣಿಸಿ ಪ್ರೋಟೀನ್ ಎಂದು ಬರೆಯುತ್ತಾರೆ. ಸಾರಜನಕ ಮಾಂಸದಿಂದ ಬಂದಿತೋ, ಕೋಳಿಯ ಗರಿಯಿಂದ ಬಂದಿತೋ ಎಂಬುದು ಈ ಗುಣಾಕಾರಕ್ಕೆ ತಿಳಿಯದು. ಈ ಕುರುಡುತನದ ದುರುಪಯೋಗ 2007ರಲ್ಲಿ ಬಯಲಾಯಿತು. ಚೀನಾದಿಂದ ಬಂದ, ಗೋಧಿಯ ಪ್ರೋಟೀನ್ ಅಂಶವಾದ ಗ್ಲುಟೆನ್‌ನಲ್ಲಿ ಸಾರಜನಕ ಹೆಚ್ಚಿರುವ ಮೆಲಮೈನ್ ಎಂಬ ಕೈಗಾರಿಕಾ ರಾಸಾಯನಿಕ ಬೆರೆತಿತ್ತು. ಅದನ್ನು ಬಳಸಿ ತಯಾರಿಸಿದ ಆಹಾರ ತಿಂದು ಉತ್ತರ ಅಮೆರಿಕದಲ್ಲಿ ನಾಯಿಬೆಕ್ಕುಗಳು ಮೂತ್ರಪಿಂಡ ಕೆಟ್ಟು ಸತ್ತವು, ಅಪಾರ ಪ್ರಮಾಣದ ಸರಕನ್ನು ಮಾರುಕಟ್ಟೆಯಿಂದ ಹಿಂದಕ್ಕೆ ಪಡೆಯಬೇಕಾಯಿತು. ಹೀಗಾಗಿ ಅಂಕಿಯ ಜೊತೆಗೆ ಪದಾರ್ಥಗಳ ಪಟ್ಟಿಯನ್ನೂ ಓದದೆ ವಿಧಿಯಿಲ್ಲ.

ಪಟ್ಟಿಯಲ್ಲಿ ತೂಕ ಹೆಚ್ಚಿರುವ ಪದಾರ್ಥ ಮೊದಲು ಬರುತ್ತದೆ, ಆದರೆ ಅದು ಬೇಯಿಸುವುದಕ್ಕೆ ಮುಂಚಿನ ತೂಕ. "ತಾಜಾ ಕೋಳಿಮಾಂಸ" ಮೊದಲ ಸ್ಥಾನದಲ್ಲಿದ್ದರೆ ನಾವು ಹಿಗ್ಗುತ್ತೇವೆ. ಅದರಲ್ಲಿ ಮುಕ್ಕಾಲು ಭಾಗದ ಹತ್ತಿರ ನೀರೇ ಇರುತ್ತದೆ, ಕಾಳಾಗಿ ಒಣಗಿದ ಮೇಲೆ ಉಳಿಯುವುದು ಸ್ವಲ್ಪ. ಮೊದಲೇ ನೀರು, ಕೊಬ್ಬು ತೆಗೆದು ಪುಡಿ ಮಾಡಿದ "ಚಿಕನ್ ಮೀಲ್" ಎರಡನೆಯ ಸ್ಥಾನದಲ್ಲಿದ್ದರೂ ಅದಕ್ಕಿಂತ ಹೆಚ್ಚು ಪ್ರೋಟೀನ್ ಕೊಡಬಹುದು. ಇನ್ನೊಂದು ಜಾಣತನವೆಂದರೆ ಮೆಕ್ಕೆಜೋಳವನ್ನು ಮೆಕ್ಕೆಜೋಳ, ಮೆಕ್ಕೆಜೋಳದ ಹಿಟ್ಟು, ಮೆಕ್ಕೆಜೋಳದ ಗ್ಲುಟೆನ್ ಎಂದು ಮೂರಾಗಿ ಒಡೆದು ಬರೆಯುವುದು. ಮೂರನ್ನೂ ಕೂಡಿದರೆ ಮೊದಲ ಸ್ಥಾನ ಮಾಂಸದ್ದಾಗಿ ಉಳಿಯುವುದಿಲ್ಲ. ಉಪ ಉತ್ಪನ್ನ ಎಂಬ ಪದಕ್ಕೆ ಮಾತ್ರ ನಾನು ಹೆದರುವುದಿಲ್ಲ. ಲಿವರ್, ಗುಂಡಿಗೆಯನ್ನು ನಾವೇ ಮಸಾಲೆ ಹಾಕಿ ಉಣ್ಣುವಾಗ ಅವು ನಾಯಿಯ ತಟ್ಟೆಗೆ ಬಂದೊಡನೆ ಕಸವಾಗುವುದು ಹೇಗೆ? ಆದರೆ "ಧಾನ್ಯ ಮತ್ತು ಧಾನ್ಯದ ಉಪ ಉತ್ಪನ್ನಗಳು, ಮಾಂಸ ಮತ್ತು ಮಾಂಸದ ಉಪ ಉತ್ಪನ್ನಗಳು" ಎಂದು ಯಾವ ಧಾನ್ಯ, ಯಾವ ಪ್ರಾಣಿ ಎಂಬುದನ್ನೇ ಹೇಳದೆ ಮುಗಿಸುವ ಪಟ್ಟಿಯನ್ನು ಬದಿಗಿಟ್ಟೆ. ಅಂಥದ್ದರಲ್ಲಿ ಈ ತಿಂಗಳು ಇದ್ದದ್ದು ಮುಂದಿನ ತಿಂಗಳೂ ಇರುತ್ತದೆಂಬ ಭರವಸೆಯಿಲ್ಲ.

ಅಂಗಡಿಯವರು ತುಂಬ ಒತ್ತಿ ಹೇಳಿದ್ದು ಧಾನ್ಯರಹಿತ ಚೀಲವನ್ನು. ಅದರಲ್ಲಿ ಅಕ್ಕಿ, ಮೆಕ್ಕೆಜೋಳದ ಬದಲು ಬಟಾಣಿ, ಬೇಳೆ, ಆಲೂಗೆಡ್ಡೆ ಇದ್ದವು. ಇಂಥ ಆಹಾರಕ್ಕೂ ನಾಯಿಗಳ ಹೃದಯದ ಸ್ನಾಯು ಹಿಗ್ಗಿ ದುರ್ಬಲವಾಗುವ ಕಾಯಿಲೆಗೂ ನಂಟಿರಬಹುದೇ ಎಂದು ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2018ರಲ್ಲಿ ತನಿಖೆ ಆರಂಭಿಸಿತು. ಕಾರಣ ಇದೇ ಎಂದು ಸಾಧಿಸುವಷ್ಟು ಮಾಹಿತಿ ಇಲ್ಲವೆಂದು 2022ರ ಕೊನೆಗೆ ಹೇಳಿತು. ಅಪಾಯ ಸಾಬೀತಾಗಿಲ್ಲ, ನಿಜ. ಆದರೆ ಧಾನ್ಯದ ಅಲರ್ಜಿಯೇ ಇಲ್ಲದ ನಾಯಿಗೆ ದುಬಾರಿ ಬೆಲೆ ತೆತ್ತು ಬಟಾಣಿ ತಿನ್ನಿಸುವ ಅಗತ್ಯವೇನು ಎಂಬುದು ನನ್ನ ಪ್ರಶ್ನೆ. ಮನುಷ್ಯನ ಜೊತೆ ಬಾಳುತ್ತಾ ಬಂದ ನಾಯಿಗೆ ಪಿಷ್ಟವನ್ನು ಜೀರ್ಣಿಸುವ ಜೀನಿನ ಪ್ರತಿಗಳು ತೋಳಕ್ಕಿಂತ ಹಲವು ಪಟ್ಟು ಹೆಚ್ಚಿವೆ ಎಂಬುದನ್ನು 2013ರ ಸಂಶೋಧನೆಯೊಂದು ತೋರಿಸಿಕೊಟ್ಟಿದೆ. ರಾಗಿ ಅಂಬಲಿ, ಮುದ್ದೆ, ಅನ್ನ ತಿಂದು ಹೊಲ ಕಾದ ನಮ್ಮ ಊರ ನಾಯಿಗಳ ವಂಶದವಳು ಕೆಂಚಿ. ಚೀಲದ ಮೇಲಿನ ತೋಳ ಅವಳಿಗೆ ದೂರದ ನೆಂಟ.

ಇನ್ನು ಬೆಲೆಯ ಮಾತು. ಎಲ್ಲರೂ ಕಿಲೋಗೆ ಎಷ್ಟು ಎಂದೇ ಕೇಳುತ್ತಾರೆ. ನಾಯಿ ತಿನ್ನುವುದು ಕಿಲೋ ಲೆಕ್ಕದಲ್ಲಲ್ಲ, ಅದರ ದೇಹಕ್ಕೆ ಬೇಕಾದ ಶಕ್ತಿಯ ಲೆಕ್ಕದಲ್ಲಿ. ತೂಕದ 0.75ನೇ ಘಾತವನ್ನು 70ರಿಂದ ಗುಣಿಸಿದರೆ ಸುಮ್ಮನೆ ಮಲಗಿರುವ ನಾಯಿಗೆ ದಿನಕ್ಕೆ ಬೇಕಾದ ಕಿಲೋಕ್ಯಾಲರಿ ಸಿಗುತ್ತದೆ. ಕೆಂಚಿಯ 16 ಕೆ.ಜಿ.ಗೆ ಈ ಲೆಕ್ಕ ಸಲೀಸು: 16ರ 0.75ನೇ ಘಾತ 8, ಅದನ್ನು 70ರಿಂದ ಗುಣಿಸಿದರೆ 560. ಸಂತಾನಹರಣವಾದ, ಸಾಧಾರಣವಾಗಿ ಓಡಾಡುವ ನಾಯಿಗೆ ಅದರ 1.6 ಪಟ್ಟು, ಅಂದರೆ 896. ಚೀಲದ ಮೇಲೆ ಕ್ಯಾಲರಿ ಮುದ್ರಿಸದಿದ್ದರೆ ಅದನ್ನೂ ನಾವೇ ಕಂಡುಕೊಳ್ಳಬಹುದು: ಪ್ರೋಟೀನ್, ಕೊಬ್ಬು, ನಾರು, ತೇವ ಮತ್ತು ಸುಮಾರು ಶೇ 8ರಷ್ಟು ಬೂದಿಯನ್ನು (ಅಂದರೆ ಖನಿಜಾಂಶವನ್ನು) ನೂರರಿಂದ ಕಳೆದರೆ ಉಳಿಯುವುದು ಪಿಷ್ಟ, ಪ್ರೋಟೀನಿಗೂ ಪಿಷ್ಟಕ್ಕೂ ಗ್ರಾಂಗೆ 3.5, ಕೊಬ್ಬಿಗೆ 8.5 ಕಿಲೋಕ್ಯಾಲರಿ ಹಿಡಿಯಬೇಕು.

ಸ್ಟೂಲ್ ಮೇಲೆ ಕುಳಿತು ಮೂರು ಚೀಲಗಳಿಗೆ ಈ ಲೆಕ್ಕ ಹಾಕಿದೆ. ಅಗ್ಗದ್ದಕ್ಕೆ ಕಿಲೋಗೆ 220 ರೂಪಾಯಿ. ಪ್ರೋಟೀನ್ 18, ಕೊಬ್ಬು 8, ನಾರು 6, ತೇವ 12. ನೂರು ಗ್ರಾಂನಲ್ಲಿ 299 ಕಿಲೋಕ್ಯಾಲರಿ ಬಂತು. ಕೆಂಚಿಗೆ ದಿನಕ್ಕೆ 300 ಗ್ರಾಂ ಬೇಕು, ಖರ್ಚು 66 ರೂಪಾಯಿ. ನಡುವಿನದು ಕಿಲೋಗೆ 260 ರೂಪಾಯಿ. ಪ್ರೋಟೀನ್ 25, ಕೊಬ್ಬು 14, ನಾರು 4, ತೇವ 10. ಶಕ್ತಿ 343, ಆದ್ದರಿಂದ 261 ಗ್ರಾಂ ಸಾಕು, ಖರ್ಚು 68 ರೂಪಾಯಿ. ಆಮದಾದದ್ದಕ್ಕೆ ಕಿಲೋಗೆ 720. ಪ್ರೋಟೀನ್ 28, ಕೊಬ್ಬು 18, ನಾರು 3, ತೇವ 9. ಶಕ್ತಿ 370, 242 ಗ್ರಾಂ, ದಿನಕ್ಕೆ 174 ರೂಪಾಯಿ. ಕಿಲೋ ಬೆಲೆಯಲ್ಲಿ 40 ರೂಪಾಯಿಯಷ್ಟು ದೂರವಿದ್ದ ಮೊದಲೆರಡು ಚೀಲಗಳು ದಿನದ ಲೆಕ್ಕಕ್ಕೆ ಬಂದಾಗ ಕೇವಲ ಎರಡು ರೂಪಾಯಿ ಅಂತರಕ್ಕೆ ಇಳಿದವು; ಆ ಎರಡು ರೂಪಾಯಿಗೆ ಕೆಂಚಿಗೆ ದಿನಕ್ಕೆ ಹತ್ತು ಗ್ರಾಂಗಿಂತ ಹೆಚ್ಚು ಪ್ರೋಟೀನ್ ಸಿಗುತ್ತಿತ್ತು. ಮೂರನೆಯದು ಒಳ್ಳೆಯ ಆಹಾರವೇ, ಸಂದೇಹವಿಲ್ಲ. ಎರಡೂ ನಾಯಿಗಳಿಗೆ ಸೇರಿ ತಿಂಗಳಿಗೆ ಹನ್ನೆರಡು ಸಾವಿರ ದಾಟುವ ಆ ಖರ್ಚಿಗೆ ತಕ್ಕಷ್ಟು ಹೆಚ್ಚಿನ ಪೋಷಣೆ ಆ ಕೋಷ್ಟಕದಲ್ಲಿ ನನಗೆ ಕಾಣಲಿಲ್ಲ. ಅಂಗಡಿಯವರು ಕೈಪುಸ್ತಕವನ್ನು ಇಣುಕಿ ನೋಡಿ, "ಹೀಗೆ ಯಾರೂ ಕೇಳಿಲ್ಲ ಸರ್" ಎಂದು ನಕ್ಕರು. ಆಮೇಲೆ ತಮ್ಮ ಮನೆಯ ನಾಯಿಗೂ ಲೆಕ್ಕ ಹಾಕಿಸಿಕೊಂಡರು.

ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ದೊಡ್ಡ ಚೀಲ ಬಿಚ್ಚಿ ಪ್ಲಾಸ್ಟಿಕ್ ಕವರಿಗೆ ತುಂಬಿ ಕಟ್ಟಿದ ಲೂಸ್ ಡಾಗ್ ಫುಡ್ ಕೂಡ ಇತ್ತು, ಕಿಲೋಗೆ ಇಪ್ಪತ್ತು ರೂಪಾಯಿ ಕಡಿಮೆ. ಒಂದು ಕವರನ್ನು ಕೈಗೆತ್ತಿಕೊಂಡು ಮೂಸಿದೆ. ಹಳೆಯ ಕಡಲೆಕಾಯಿ ಎಣ್ಣೆಯ ಕಮಟು ವಾಸನೆ. ಕಾಳಿನ ಹೊರಮೈಗೆ ಸಿಂಪಡಿಸಿದ ಕೊಬ್ಬು ಗಾಳಿ, ಬೆಳಕು, ಶಾಖ ತಾಗಿದೊಡನೆ ಹಾಳಾಗಲು ಆರಂಭಿಸುತ್ತದೆ, ಜೊತೆಗೆ ವಿಟಮಿನ್‌ಗಳೂ ಕ್ಷಯಿಸುತ್ತವೆ. ಆ ಕವರಿನ ಮೇಲೆ ತಯಾರಿಕೆಯ ದಿನಾಂಕವಾಗಲಿ ಬ್ಯಾಚ್ ಸಂಖ್ಯೆಯಾಗಲಿ ಇರುವುದಿಲ್ಲ. ಮಲೆನಾಡಿನ ಸೆರಗಿನ ನಮ್ಮ ಊರಿನ ಮಳೆಗಾಲದಲ್ಲಿ ಉಪ್ಪೇ ನೀರಾಗುವಾಗ ಅಂಥ ಕವರಿಗೆ ಬೂಷ್ಟು ಹಿಡಿಯಲು ಎಷ್ಟು ಹೊತ್ತು ಬೇಕು? ನಡುವಿನ ಚೀಲದ 15 ಕೆ.ಜಿ.ಯದನ್ನೇ ಕೊಂಡೆ. ಕೆಂಚಿಗೆ 261, ಭೀಮನಿಗೆ ಸುಮಾರು 380 ಗ್ರಾಂನಂತೆ ಅದು ತಿಂಗಳೊಳಗೆ ಮುಗಿಯುತ್ತದೆ, ಕೆಡುವಷ್ಟು ದಿನ ಉಳಿಯುವುದಿಲ್ಲ. ಒಂದೇ ನಾಯಿ ಸಾಕಿದವರು ದೊಡ್ಡ ಚೀಲದ ರಿಯಾಯಿತಿಗೆ ಮರುಳಾಗದಿರುವುದು ಲೇಸು. ಆಹಾರವನ್ನು ಡಬ್ಬಕ್ಕೆ ಸುರಿಯದೆ ಚೀಲದ ಸಮೇತ ಡಬ್ಬದೊಳಗಿಟ್ಟು ಬಾಯಿ ಮಡಚಿ ಕ್ಲಿಪ್ ಹಾಕುತ್ತೇವೆ. ಡಬ್ಬದ ತಳದಲ್ಲಿ ಉಳಿಯುವ ಹಳೆಯ ಜಿಡ್ಡು ಹೊಸದನ್ನೂ ಕೆಡಿಸುತ್ತದೆ, ಚೀಲ ಉಳಿದರೆ ಬ್ಯಾಚ್ ಸಂಖ್ಯೆಯೂ ಉಳಿಯುತ್ತದೆ.

ಸಂಜೆ ನಮ್ಮ ಪಶುವೈದ್ಯರಿಗೆ ಚೀಲದ ಫೋಟೊ ಕಳಿಸಿ ಫೋನ್ ಮಾಡಿದೆ. ಬೆಳೆದ ನಾಯಿಗಳಿಗೆ ಇದು ಸಾಕು ಎಂದರು. ದೊಡ್ಡ ತಳಿಯ ಮರಿಯಾಗಿದ್ದರೆ ಕ್ಯಾಲ್ಸಿಯಂ ಮಿತಿ ಮೀರದಂತೆ ಅದಕ್ಕೆಂದೇ ತಯಾರಿಸಿದ ಆಹಾರವನ್ನೇ ಕೊಡಬೇಕಿತ್ತು, ಕ್ಯಾಲ್ಸಿಯಂ ಹೆಚ್ಚಾದರೂ ಮೂಳೆಗೆ ಕೇಡು ಎಂದು ಸೇರಿಸಿದರು. ಕಂಪನಿಗೆ ಪತ್ರ ಬರೆದು, ಆಹಾರದ ಸೂತ್ರ ರೂಪಿಸಿದವರು ಯಾರು, ಪೋಷಣಾ ತಜ್ಞರು ಕೆಲಸಕ್ಕಿದ್ದಾರೆಯೇ, ತಯಾರಿಕೆ ಸ್ವಂತ ಕಾರ್ಖಾನೆಯಲ್ಲಿಯೇ ಎಂದು ಕೇಳಲು ಹೇಳಿದವರೂ ಅವರೇ. ಜಾಗತಿಕ ಪಶುವೈದ್ಯರ ಸಂಘಟನೆ ಡಬ್ಲ್ಯುಎಸ್‌ಎವಿಎ ನಾಯಿ ಸಾಕುವವರಿಗೆ ಸೂಚಿಸುವ ಪ್ರಶ್ನೆಗಳೂ ಇಂಥವೇ.

ಹಳೆಯದಕ್ಕೆ ಹೊಸದನ್ನು ಕಾಲು ಭಾಗ, ಅರ್ಧ, ಮುಕ್ಕಾಲು ಎಂದು ಬೆರೆಸುತ್ತಾ ವಾರವೊಂದರಲ್ಲಿ ಪೂರ್ತಿ ಬದಲಾಯಿಸಿದೆವು. ಕೆಂಚಿ ಮೊದಲಿಗೆ ಹೊಸ ಕಾಳನ್ನು ಮಾತ್ರ ಆರಿಸಿ ತಟ್ಟೆಯ ಹೊರಗಿಟ್ಟು, ಹಳೆಯದನ್ನು ಮುಗಿಸಿ, ಬೇರೆ ದಾರಿಯಿಲ್ಲವೆಂದು ಖಚಿತವಾದ ಮೇಲೆ ಅದನ್ನೂ ತಿಂದಳು. ಮಲ ಗಟ್ಟಿಯಾಗಿ, ಪ್ರಮಾಣವೂ ತಗ್ಗಿ, ಸಲಿಕೆಯಲ್ಲಿ ಎತ್ತಿದಾಗ ನೆಲಕ್ಕೆ ಅಂಟದಂತಾದದ್ದು ಮೊದಲ ಬದಲಾವಣೆ; ಓದುಗರು ಮೂಗು ಮುರಿದರೂ ಆಹಾರದ ಜೀರ್ಣವನ್ನು ಮನೆಯಲ್ಲೇ ಅಳೆಯಲು ಇದಕ್ಕಿಂತ ಉತ್ತಮ ಸಾಧನ ಇನ್ನೊಂದಿಲ್ಲ. ಕೂದಲಿಗೆ ಹೊಳಪು ಬರಲು ಎರಡು ತಿಂಗಳ ಮೇಲೆ ಹಿಡಿಯಿತು. ಕೆಂಚಿಗೆ ದಿನಕ್ಕೊಂದು ಬೇಯಿಸಿದ ಮೊಟ್ಟೆ ಕೊಡುತ್ತೇವೆ. ಅದರಲ್ಲಿ ಸುಮಾರು 70 ಕಿಲೋಕ್ಯಾಲರಿ ಇರುವುದರಿಂದ ಮೇಲುತಿಂಡಿ ಒಟ್ಟು ಶಕ್ತಿಯ ಹತ್ತನೇ ಒಂದು ಭಾಗವನ್ನು ದಾಟಬಾರದೆಂಬ ಮಿತಿಯೊಳಗೇ ಅದು ಬರುತ್ತದೆ, ಅಷ್ಟು ಕಾಳನ್ನು ಕಡಿಮೆ ಮಾಡುತ್ತೇವೆ. ಸಾರು ಅನ್ನ ಹಾಕುವುದನ್ನು ಮಾತ್ರ ನಿಲ್ಲಿಸಿದ್ದೇವೆ, ಸಾರಿನಲ್ಲಿರುವ ಈರುಳ್ಳಿ ಬೆಳ್ಳುಳ್ಳಿ ನಾಯಿಯ ರಕ್ತಕಣಗಳನ್ನು ಒಡೆಯುತ್ತವೆ.

ಭೀಮನ ಕತೆ ಬೇರೆ. ಲ್ಯಾಬ್ರಡಾರ್‌ಗಳಲ್ಲಿ ಸುಮಾರು ಕಾಲು ಭಾಗಕ್ಕೆ ಹೊಟ್ಟೆ ತುಂಬಿದ್ದನ್ನು ತಿಳಿಸುವ ಜೀನ್‌ನಲ್ಲೇ ಲೋಪವಿರುವುದನ್ನು ಕೇಂಬ್ರಿಜ್‌ನ ಸಂಶೋಧಕರು 2016ರಲ್ಲಿ ಪ್ರಕಟಿಸಿದ್ದಾರೆ. ಇವನು ಆ ಕಾಲು ಭಾಗಕ್ಕೆ ಸೇರಿದವನೆಂಬುದು ನಮ್ಮ ಮನೆಯ ತೀರ್ಮಾನ. ಅವನಿಗೆ ಮಗ್ಗಿನಲ್ಲಿ ಅಳೆದು ಹಾಕುವುದನ್ನು ಬಿಟ್ಟು ಅಡುಗೆಮನೆಯ ತಕ್ಕಡಿಯಲ್ಲಿ ತೂಗಿಯೇ ಹಾಕುತ್ತೇವೆ.

ಈಗ ತಂದಿರುವ ಚೀಲದಲ್ಲಿ ನಾರು ಶೇ 4ರ ಬದಲು 5 ಎಂದಿದೆ. ಶಕ್ತಿಯ ಲೆಕ್ಕದಲ್ಲಿ ಇದು ಕೆಂಚಿಗೆ ಮೂರು ಗ್ರಾಂ ವ್ಯತ್ಯಾಸ ಅಷ್ಟೇ. ಆದರೆ ಪದಾರ್ಥಗಳ ಪಟ್ಟಿಯಲ್ಲಿ ಅಕ್ಕಿ ತೌಡು ಚಿಕನ್ ಮೀಲಿನ ಮೇಲಕ್ಕೆ ಏರಿ ಕುಳಿತಿದೆ, ಬೆಲೆ ಇಳಿದಿಲ್ಲ. ಕಂಪನಿಗೆ ಬ್ಯಾಚ್ ಸಂಖ್ಯೆ ಸಮೇತ ಬರೆದಿದ್ದೇನೆ. ಉತ್ತರ ಸಮಾಧಾನ ತರದಿದ್ದರೆ, ಇದೇ ದರದಲ್ಲಿ ಅಂಗಡಿಯವರು ತೋರಿಸಿರುವ ಇನ್ನೆರಡು ಚೀಲಗಳ ಅಂಕಿಗಳನ್ನು ಈಗಾಗಲೇ ಬರೆದಿಟ್ಟುಕೊಂಡಿದ್ದೇನೆ.