ಸ್ಕೂಬಲ್ ಡೈರಿ: ಮೂರನೇ ಸುತ್ತಿನಲ್ಲಿ ಹಿಡಿದ ಎಡಗೈ

ಮಾರ್ಚ್ 24, 2024

ನಮ್ಮ ಫ್ಯಾಂಟಸಿ ಬೇಸ್‌ಬಾಲ್ ಲೀಗಿನ ಡ್ರಾಫ್ಟ್, ಅಂದರೆ ನಿಜವಾದ ಆಟಗಾರರನ್ನು ಸುತ್ತು ಸುತ್ತಾಗಿ ಹಂಚಿಕೊಳ್ಳುವ ಕೆಲಸ ಮುಗಿಯಿತು. 12 ತಂಡಗಳ ಲೀಗು, ಹೆಚ್ಚಿನವರು ಆಫೀಸಿನವರು. ಕನ್ನಡದವರು ಇಬ್ಬರೇ, ನಾನು ಮತ್ತು ನನ್ನ ಭಾವಮೈದುನ. ಡ್ರೀಮ್ ಇಲೆವೆನ್ ಆಡಿದವರಿಗೆ ಒಂದು ಮಾತು: ಇಲ್ಲಿ ಒಂದು ಮ್ಯಾಚಿಗೆ ಕಥೆ ಮುಗಿಯುವುದಿಲ್ಲ. ಆರಿಸಿದ ಆಟಗಾರನ ಜೊತೆ ಆರು ತಿಂಗಳು ಸಂಸಾರ ಮಾಡಬೇಕು. ಪಿಚರ್‌ಗಳಿಗೆ, ಅಂದರೆ ಚೆಂಡು ಎಸೆಯುವವರಿಗೆ, ಐದು ವಿಭಾಗ. ಗೆಲುವು, ಸೇವ್ (ಕೊನೆಯಲ್ಲಿ ಬಂದು ಸಣ್ಣ ಅಂತರದ ಗೆಲುವನ್ನು ಕಾಯುವುದು), ಸ್ಟ್ರೈಕೌಟ್ (ಮೂರು ಸ್ಟ್ರೈಕಿಗೆ ಬ್ಯಾಟರ್ ಔಟ್) ಎಣಿಕೆಯವು. ಇಆರ್‌ಎ ಅಂದರೆ ಒಂಬತ್ತು ಇನ್ನಿಂಗ್ಸಿಗೆ, ಒಂದು ಪೂರ್ತಿ ಪಂದ್ಯದಷ್ಟಕ್ಕೆ, ಫೀಲ್ಡರ್‌ಗಳ ತಪ್ಪಿನಿಂದ ಬಂದವನ್ನು ಬಿಟ್ಟು ಎಷ್ಟು ರನ್ ಕೊಟ್ಟ ಅನ್ನೋದು. ವಿಪ್ ಅಂದರೆ ಹಿಟ್ ಅಥವಾ ವಾಕ್ (ನಾಲ್ಕು ಕೆಟ್ಟ ಚೆಂಡಿಗೆ ಪುಕ್ಕಟೆ ಬೇಸ್) ಕೊಟ್ಟು ಇನ್ನಿಂಗ್ಸಿಗೆ ಎಷ್ಟು ಜನರನ್ನು ಬೇಸಿಗೆ ಬಿಟ್ಟ ಅನ್ನೋದು. ಈ ಎರಡೂ ಕಮ್ಮಿ ಇದ್ದಷ್ಟೂ ಒಳ್ಳೆಯದು. ಪ್ರತಿ ವಿಭಾಗದಲ್ಲೂ ಮೊದಲು ಬಂದವನಿಗೆ 12 ಅಂಕ, ಕೊನೆಯವನಿಗೆ 1.

ಮೂರನೇ ಸುತ್ತಿನಲ್ಲಿ ಡೆಟ್ರಾಯಿಟ್ ಟೈಗರ್ಸ್‌ನ ಎಡಗೈ ಪಿಚರ್ ಟಾರಿಕ್ ಸ್ಕೂಬಲ್ ಹೆಸರು ಹೇಳಿದಾಗ ಇಬ್ಬರು ನಕ್ಕರು. ನಗಲಿ ಬಿಡಿ. 2021ರಲ್ಲಿ ಇವನು 35 ಹೋಮ್ ರನ್ (ನಮ್ಮ ಸಿಕ್ಸರ್ ಥರ) ಹೊಡೆಸಿಕೊಂಡಿದ್ದ. 2022ರ ಆಗಸ್ಟಿನಲ್ಲಿ ಎಡ ಮುಂಗೈ ಸ್ನಾಯುವಿನ ಆಪರೇಷನ್ ಆಯಿತು. ಕಾಲೇಜಿನಲ್ಲೇ ಒಮ್ಮೆ ಮೊಣಕೈ ಆಪರೇಷನ್ ಆಗಿತ್ತು. ಆದರೆ 2023ರ ಜುಲೈ 4ರಂದು ವಾಪಸ್ ಬಂದ ಮೇಲೆ 80 ಇನ್ನಿಂಗ್ಸಿನಲ್ಲಿ 102 ಸ್ಟ್ರೈಕೌಟ್, ವಾಕ್ ಬರೀ 14. ನಾನು ದುಡ್ಡು ಕಟ್ಟಿದ್ದು ಆ 14ರ ಮೇಲೆ. ಇಆರ್‌ಎಗೆ ಅದೃಷ್ಟ ಸೇರಿಕೊಳ್ಳುತ್ತದೆ, ಹಿಂದಿರುವ ಫೀಲ್ಡರ್‌ಗಳೂ ಸೇರಿಕೊಳ್ಳುತ್ತಾರೆ. ವಾಕ್ ಕೊಡದೇ ಇರೋದು ಪೂರ್ತಿ ಪಿಚರ್ ಕೈಯಲ್ಲೇ ಇರುವ ವಿದ್ಯೆ.

"ಭಾವ, ಅವನ ಕೈಗೆ ಗ್ಯಾರಂಟಿ ಇಲ್ಲ" ಅಂದ ಭಾವಮೈದುನ. ಅವನು ಮೊದಲ ಸುತ್ತಿನಲ್ಲೇ ಅಟ್ಲಾಂಟಾದ ಸ್ಪೆನ್ಸರ್ ಸ್ಟ್ರೈಡರ್‌ನನ್ನು ಎತ್ತಿಕೊಂಡಿದ್ದ. ಹೋದ ವರ್ಷ 281 ಸ್ಟ್ರೈಕೌಟ್ ಮಾಡಿದವನು.

ಮಾರ್ಚ್ 28

ಮೊದಲ ದಿನವೇ ಶಿಕಾಗೋದಲ್ಲಿ ವೈಟ್ ಸಾಕ್ಸ್ ವಿರುದ್ಧ ಆರು ಇನ್ನಿಂಗ್ಸ್, ಒಂದೂ ರನ್ ಇಲ್ಲ. ಟೈಗರ್ಸ್ 1-0ಗೆ ಗೆದ್ದರು. ಸ್ಕ್ರೀನ್‌ಶಾಟ್ ಕಳಿಸುವ ಆಸೆ ತಡೆದುಕೊಂಡೆ.

ಏಪ್ರಿಲ್ 14

ಸ್ಟ್ರೈಡರ್ ಮೊಣಕೈಗೆ ಆಪರೇಷನ್. ಎರಡೇ ಪಂದ್ಯಕ್ಕೆ ಅವನ ಸೀಸನ್ ಮುಗಿಯಿತು. ಭಾವಮೈದುನನಿಗೆ ಫೋನ್ ಮಾಡಿದೆ, ಆದರೆ ಗ್ಯಾರಂಟಿ ಮಾತು ಎತ್ತಲಿಲ್ಲ. ಪಾಪ.

ಮೇ 19

ಇವತ್ತು ಕೂತು ಸ್ಕೂಬಲ್‌ನ ಚೇಂಜಪ್, ಅಂದರೆ ಬೇಕೆಂದೇ ನಿಧಾನವಾಗಿ ಎಸೆಯುವ ಚೆಂಡು, ಒಂದನ್ನೇ ನೋಡಿದೆ. ಹಿಂದೆ ಮುಂದೆ ಓಡಿಸಿ, ನಿಧಾನಗತಿಯಲ್ಲಿ. ಅವನ ಫಾಸ್ಟ್‌ಬಾಲ್ 96-97 ಮೈಲಿ, ನಮ್ಮ ಲೆಕ್ಕದಲ್ಲಿ ಗಂಟೆಗೆ 155 ಕಿಲೋಮೀಟರ್. ಚೇಂಜಪ್ ಅದಕ್ಕಿಂತ ಸುಮಾರು ಹತ್ತು ಮೈಲಿ ಕಮ್ಮಿ. ಕೈ ತಿರುಗುವ ವೇಗ ಮಾತ್ರ ಅದೇ. ಬ್ಯಾಟರ್ ಸೊಂಟ ಆಗಲೇ ತಿರುಗಿರುತ್ತದೆ, ಚೆಂಡು ಇನ್ನೂ ಬರುತ್ತಲೇ ಇರುತ್ತದೆ. ಕೊನೆಗೆ ಮೊಣಕಾಲಿನ ಕೆಳಗೆ ಇಳಿದು ಹೋಗುತ್ತದೆ. ವೆಂಕಟೇಶ್ ಪ್ರಸಾದ್ ಅವರ ಸ್ಲೋವರ್ ಬಾಲ್ ನೋಡಿ ಬೆಳೆದವರಿಗೆ ಈ ಮೋಸ ಹೊಸದಲ್ಲ. ಪ್ರಸಾದ್ ಅವರಿಗೆ ಈ 155 ಇರಲಿಲ್ಲ ಅಷ್ಟೇ.

ಬಲಗೈ ಬ್ಯಾಟರ್‌ಗಳಿಗೆ ಇದು ಹೊರಗೆ ಸರಿಯುವ ಚೆಂಡು. ಎಡಗೈ ಪಿಚರ್ ಎದುರಿಗೆ ಎದುರಾಳಿ ಮ್ಯಾನೇಜರ್ ಬಲಗೈಯವರನ್ನೇ ತುಂಬಿಸುತ್ತಾನೆ. ಇವನ ಒಳ್ಳೆಯ ಚೆಂಡು ಸರಿಯಾಗಿ ಅವರಿಗೇ.

ಜುಲೈ 30

ಟ್ರೇಡ್ ಗಡುವು, ಆಟಗಾರರನ್ನು ಅದಲು ಬದಲು ಮಾಡಲು ಕೊನೆಯ ದಿನ. ನಿಜವಾದ ಟೈಗರ್ಸ್ ಇವತ್ತು ತಮ್ಮ ಇನ್ನೊಬ್ಬ ಪಿಚರ್ ಜಾಕ್ ಫ್ಲಾಹರ್ಟಿಯನ್ನು ಡಾಡ್ಜರ್ಸ್‌ಗೆ ಕೊಟ್ಟರು. ಸ್ಕೂಬಲ್ ಹೆಸರೂ ವಾರವಿಡೀ ಗಾಳಿಯಲ್ಲಿತ್ತು, ಆದರೆ ಉಳಿದ.

ನಮ್ಮ ಲೀಗಿನಲ್ಲೂ ಬಿಸಿ ಏರಿತ್ತು. ರಾತ್ರಿ ಒಂಬತ್ತಕ್ಕೆ ಭಾವಮೈದುನನ ಫೋನ್. "ಭಾವ, ಸ್ಕೂಬಲ್ ಕೊಡಿ. ಕ್ಲಾಸೆ ಕೊಡ್ತೀನಿ, ಜೊತೆಗೆ ಒಬ್ಬ ಔಟ್‌ಫೀಲ್ಡರ್." ಇಮ್ಯಾನುಯೆಲ್ ಕ್ಲಾಸೆ ಕ್ಲೀವ್‌ಲ್ಯಾಂಡಿನ ಕ್ಲೋಸರ್, ಕೊನೆಯ ಇನ್ನಿಂಗ್ಸಿಗೆ ಬಂದು ಬೀಗ ಹಾಕುವವನು. ನನ್ನ ಸೇವ್ ಕಾಲಂ ನೋಡಿದರೆ ಅಳು ಬರುತ್ತದೆ, ಹತ್ತನೇ ಸ್ಥಾನ. ಅದು ಅವನಿಗೆ ಗೊತ್ತು.

"ಅವನ ಕೈಗೆ ಗ್ಯಾರಂಟಿ ಇಲ್ಲ ಅಂದಿದ್ದೆಯಲ್ಲ?"

"ಅದಕ್ಕೇ ಭಾವ, ಆ ರಿಸ್ಕು ನಿಮಗ್ಯಾಕೆ? ನಾನೇ ತಗೋತೀನಿ."

ಸುಮ್ನೆ ನಕ್ಕುಬಿಟ್ಟೆ, ಆದರೆ ನಿದ್ದೆ ಬರಲಿಲ್ಲ. ಅವನು ಹೇಳಿದ್ದು ಪೂರ್ತಿ ತಮಾಷೆಯೂ ಅಲ್ಲ. ಮೇಜರ್ ಲೀಗಿನಲ್ಲಿ ಒಂದು ವರ್ಷಕ್ಕೆ ಸ್ಕೂಬಲ್ ಎಸೆದಿರುವುದು ಜಾಸ್ತಿ ಅಂದರೆ 149 ಇನ್ನಿಂಗ್ಸ್. ಆಗಸ್ಟಿನಲ್ಲೇ ಅದನ್ನು ದಾಟುತ್ತಾನೆ. ತಂಡ ಸೋಲುತ್ತಲೇ ಹೋದರೆ ಸೆಪ್ಟೆಂಬರಿನಲ್ಲಿ ರೆಸ್ಟ್ ಕೊಟ್ಟು ಕೂರಿಸಬಹುದು. ಆಗ ನನ್ನ ಕೈಯಲ್ಲಿ ಚಿಪ್ಪು. ಬೆಳಿಗ್ಗೆ ಎದ್ದು ಬೇಡ ಅಂದೆ. ದೊಡ್ಡ ಕಾರಣವೇನೂ ಇಲ್ಲ, ಟೈಗರ್ಸ್ ಆಡುವ ರಾತ್ರಿ ಬೇರೆಯವರ ಸ್ಕೂಬಲ್‌ನನ್ನು ನೋಡುವುದು ನನ್ನಿಂದ ಆಗದ ಕೆಲಸ.

ಸೆಪ್ಟೆಂಬರ್ 24

ಆಗಸ್ಟ್ 10ಕ್ಕೆ 55 ಗೆಲುವು, 63 ಸೋಲು ಇದ್ದ ತಂಡ ಈಗ ಪ್ಲೇಆಫ್ ಬಾಗಿಲಲ್ಲಿದೆ. ರೆಸ್ಟ್ ಮಾತೇ ಇಲ್ಲ. ಮನೆಯಂಗಳದಲ್ಲಿ ಟ್ಯಾಂಪಾ ಬೇ ವಿರುದ್ಧ ಏಳು ಇನ್ನಿಂಗ್ಸ್, ಒಂದೇ ರನ್. 2-1ಕ್ಕೆ ಗೆಲುವು, ಇವನ ಲೆಕ್ಕಕ್ಕೆ 18ನೆಯದು.

ಅಕ್ಟೋಬರ್ 1

ನಮ್ಮ ಲೀಗು ಮುಗಿಯಿತು. ಸ್ಕೂಬಲ್: 18 ಗೆಲುವು, 4 ಸೋಲು, 192 ಇನ್ನಿಂಗ್ಸ್, 228 ಸ್ಟ್ರೈಕೌಟ್, 2.39 ಇಆರ್‌ಎ, 0.92 ವಿಪ್. ವಾಕ್ 35. ಮೇಜರ್ ಲೀಗಿನಲ್ಲಿ ಎರಡು ಪಾಲು, ಅಮೆರಿಕನ್ ಲೀಗ್ ಮತ್ತು ನ್ಯಾಷನಲ್ ಲೀಗ್. ಗೆಲುವು, ಸ್ಟ್ರೈಕೌಟ್, ಇಆರ್‌ಎ ಮೂರರಲ್ಲೂ ಇವನು ಅಮೆರಿಕನ್ ಲೀಗಿಗೇ ಮೊದಲಿಗ. ನ್ಯಾಷನಲ್ ಲೀಗಿನಲ್ಲಿ ಅಟ್ಲಾಂಟಾದ ಕ್ರಿಸ್ ಸೇಲ್ ಇದನ್ನೇ ಮಾಡಿದ. ಒಂದೇ ವರ್ಷ ಎರಡೂ ಕಡೆ ಹೀಗಾಗಿದ್ದು ಕೊನೆಗೆ 2011ರಲ್ಲಿ, ವರ್ಲ್ಯಾಂಡರ್ ಮತ್ತು ಕರ್ಶಾ.

ನಾನು ಎರಡನೇ ಸ್ಥಾನ. ಎರಡು ಅಂಕಕ್ಕೆ ಸೋತೆ. ಸೇವ್ ಕಾಲಂ ಹತ್ತರಲ್ಲೇ ಉಳಿಯಿತು.

ಎಕ್ಸೆಲ್ ತೆಗೆದು ಕೂತೆ. ನನ್ನ ಮಿಕ್ಕ ಪಿಚರ್‌ಗಳೆಲ್ಲ ಸೇರಿ 1,100 ಇನ್ನಿಂಗ್ಸ್, ಇಆರ್‌ಎ 3.90. ಸ್ಕೂಬಲ್‌ನನ್ನು ಸೇರಿಸಿದರೆ 3.68. ಲೀಗಿನಲ್ಲಿ ಎಂಟನೇ ಸ್ಥಾನದಿಂದ ಮೂರಕ್ಕೆ. ಒಬ್ಬನೇ ಮನುಷ್ಯ! ಖುಷಿಯಾಯಿತು. ಆಮೇಲೆ ಸುಮ್ನೆ ಇರಲಾರದೆ ಸ್ಕೂಬಲ್ ಬದಲು ಕ್ಲಾಸೆಯನ್ನು ಹಾಕಿ ನೋಡಿದೆ. ಇಡೀ ಸೀಸನ್ನಿನಲ್ಲಿ ಅವನ ಲೆಕ್ಕಕ್ಕೆ ಬಿದ್ದಿದ್ದು ಐದೇ ರನ್, ಇಆರ್‌ಎ 0.61. ಅವನು ಎಸೆದಿದ್ದು 74 ಇನ್ನಿಂಗ್ಸ್ ಮಾತ್ರ, ಆದರೂ ನನ್ನ ಮೊತ್ತ 3.69ಕ್ಕೆ ಇಳಿಯಿತು. ಎರಡು ಸಲ ಸೂತ್ರ ನೋಡಿದೆ, ತಪ್ಪಿಲ್ಲ. ಅದರ ಮೇಲೆ 47 ಸೇವ್ ಬೇರೆ.

ಸ್ಕೂಬಲ್ ಉಳಿದುಕೊಂಡಿದ್ದು ಬೇರೆ ಎರಡು ಕಾಲಂಗಳಲ್ಲಿ. 228 ಸ್ಟ್ರೈಕೌಟಿಗೆ ಕ್ಲಾಸೆಯದು 66, 18 ಗೆಲುವಿಗೆ 4. ಜುಲೈನಲ್ಲಿ ಅದಲು ಬದಲು ಮಾಡಿದ್ದರೆ ಕಪ್ ಬರುತ್ತಿತ್ತಾ? ಒಂದು ಲೆಕ್ಕದಲ್ಲಿ ಅರ್ಧ ಅಂಕಕ್ಕೆ ಗೆದ್ದೆ, ಇನ್ನೊಂದರಲ್ಲಿ ಮೂರಕ್ಕೆ ಸೋತೆ. ಈ ಶೀಟನ್ನು ಭಾವಮೈದುನನಿಗೆ ತೋರಿಸಿಲ್ಲ.

ಅಕ್ಟೋಬರ್ 7

ಇದು ಪ್ಲೇಆಫ್, ನಮ್ಮ ಆಟಕ್ಕೆ ಸಂಬಂಧವಿಲ್ಲ, ಆದರೂ ಬರೆದಿಡುತ್ತೇನೆ. ಕ್ಲೀವ್‌ಲ್ಯಾಂಡಿನಲ್ಲಿ ಸ್ಕೂಬಲ್ ಏಳು ಇನ್ನಿಂಗ್ಸ್ ಒಂದೂ ರನ್ ಕೊಡಲಿಲ್ಲ. ಒಂಬತ್ತನೆಯದರಲ್ಲಿ 0-0, ಎಸೆಯುತ್ತಿದ್ದವನು ಕ್ಲಾಸೆ. ಟೈಗರ್ಸ್‌ನ ಕೆರಿ ಕಾರ್ಪೆಂಟರ್ ಮೂರು ರನ್ನಿನ ಹೋಮ್ ರನ್ ಬಾರಿಸಿದ. ಭಾವಮೈದುನನಿಗೆ ಬರೀ ಒಂದು ಬೀಗದ ಎಮೋಜಿ ಕಳಿಸಿದೆ.

ಅಕ್ಟೋಬರ್ 12

ಅದೇ ಸರಣಿಯ ಐದನೇ, ಕೊನೆಯ ಪಂದ್ಯ. ಬೇಸ್ ಪೂರ್ತಿ ತುಂಬಿದ್ದಾಗ ಕ್ಲೀವ್‌ಲ್ಯಾಂಡಿನ ಲೇನ್ ಥಾಮಸ್ ಸ್ಕೂಬಲ್‌ಗೇ ಗ್ರ್ಯಾಂಡ್ ಸ್ಲ್ಯಾಮ್, ಅಂದರೆ ನಾಲ್ಕು ರನ್ನಿನ ಹೋಮ್ ರನ್, ಹೊಡೆದ. ಟೈಗರ್ಸ್ ಮನೆಗೆ. ಬೀಗದ ಎಮೋಜಿ ವಾಪಸ್ ಬಂತು, ಮೂರು.

ಮುಂದಿನ ವರ್ಷಕ್ಕೆ ಅವನನ್ನು ಉಳಿಸಿಕೊಳ್ಳಬೇಕಾದರೆ ನಮ್ಮ ಲೀಗಿನ ನಿಯಮದ ಪ್ರಕಾರ ಮೊದಲ ಸುತ್ತಿನ ಆಯ್ಕೆ ಬಿಟ್ಟುಕೊಡಬೇಕು. ಫೆಬ್ರವರಿವರೆಗೆ ಟೈಮ್ ಇದೆ. ಫಾರ್ಮ್ ಮಾತ್ರ ಇವತ್ತೇ ತುಂಬಿಟ್ಟಿದ್ದೇನೆ.