ನಲವತ್ತು ಸೆಂಟ್ ಮಳೆ

"ನಲವತ್ತು ಸೆಂಟಿಗೆ ಇಷ್ಟು ಹೂವಾ ಗೌಡ್ರೆ?"

ಆಚೆ ತೋಟದವರು ಈ ವಾರ ಬೇಲಿ ಪಕ್ಕ ನಿಂತು ಹೀಗೆ ಕೇಳಿದಾಗ ನಮ್ಮ ಮಾವ ಕೆಮ್ಮಿದರು. ಕೆಮ್ಮೇನೂ ಇರಲಿಲ್ಲ. ಎದುರಿಗೆ ಇಡೀ ರೊಬಸ್ಟಾ ಕಾಫಿಯ ಇಳಿಜಾರು ಬೆಳ್ಳಗೆ ಅರಳಿ ನಿಂತಿತ್ತು. ಹೆಜ್ಜೇನು, ತುಡುವೆ ಎಲ್ಲಾ ಸೇರಿ ಗುಂಯ್ ಅನ್ನುತ್ತಿದ್ದವು. ಇದನ್ನು ಎಲ್ಲಿ ಅಂತ ಮುಚ್ಚಿಡುವುದು? "ಮಣ್ಣು ಒಳ್ಳೇದಿದೆ ಮಾರಾಯ" ಅಂದರು ಮಾವ. ನನಗೆ ನಗು ತಡೆಯಲಾಗದೆ ಒಳಗೆ ಬಂದುಬಿಟ್ಟೆ.

ಮೂಡಿಗೆರೆ ಕಡೆ ಮಳೆ ಅಳೆಯುವುದು ಇಂಚು, ಸೆಂಟಿನಲ್ಲಿ. ನೂರು ಸೆಂಟ್ ಅಂದರೆ ಒಂದು ಇಂಚು. ಟಿವಿಯವರು ಮಿಲಿಮೀಟರ್ ಅಂತ ಎಷ್ಟೇ ಹೇಳಲಿ, ಮಾವ "ಅದು ಇಂಚಿಗೆ ಎಷ್ಟಾಯ್ತು?" ಅಂತಲೇ ಕೇಳುವುದು. ಅಂಗಳದಾಚೆ ಬಯಲಲ್ಲಿ ಅವರ ರೈನ್‌ಗೇಜ್ ಇದೆ. ಅದನ್ನು ಮನೆಯಲ್ಲಿ ಬೇರೆ ಯಾರೂ ಮುಟ್ಟುವ ಹಾಗಿಲ್ಲ. ಬೆಳಿಗ್ಗೆ ಹೋಗಿ ಮೇಲಿನ ಆಲಿಕೆ ತೆಗೆದು, ಅದರಲ್ಲಿ ಬಿದ್ದ ಇರುವೆಯನ್ನು ಬೆರಳಲ್ಲಿ ಆಚೆ ಹಾಕಿ, ನೀರನ್ನು ಗಾಜಿನ ಅಳತೆಗೆ ಸುರಿದು, ಕಣ್ಣಿನ ನೇರಕ್ಕೆ ಹಿಡಿದು ನೋಡುತ್ತಾರೆ. ಒಂದು ಸಲ ಕನ್ನಡಕ ಹಾಕಿ, ಒಂದು ಸಲ ತೆಗೆದು. ಆಮೇಲೆ ಡೈರಿ.

ಈ ಹೂವು ಅರಳುವ ಮೊದಲು ಒಂದು ರಾತ್ರಿ ಹೂಮಳೆ, ಅಂದರೆ ಕಾಫಿ ಮೊಗ್ಗು ಅರಳಿಸುವ ಮಳೆ, ಚೆನ್ನಾಗಿ ಹೊಡೆದಿತ್ತು. ಬೆಳಿಗ್ಗೆ ಮಾವ 1 ಇಂಚು 12 ಸೆಂಟ್ ಅಂತ ಬರೆದಿದ್ದನ್ನು ಕಾಫಿ ಕೊಡಲು ಹೋದ ನಾನೇ ನೋಡಿದ್ದೆ. ಶಾಯಿ ಇನ್ನೂ ಒಣಗಿರಲಿಲ್ಲ, ಆಚೆ ತೋಟದವರ ಫೋನ್ ಬಂತು.

"ನಿಮ್ಮಲ್ಲಿ ಎಷ್ಟಾಯ್ತು ಗೌಡ್ರೆ?"

"ನಿಮಗೆಷ್ಟು, ಅದು ಹೇಳು ಮೊದಲು."

"ಹದಿನೈದು. ಧೂಳು ಅಡಗಿತು ಅಷ್ಟೆ."

ಮಾವ ಡೈರಿ ನೋಡಿದರು. ನನ್ನ ಮುಖ ನೋಡಿದರು. "ಇಲ್ಲೂ ಏನಿಲ್ಲ ಮಾರಾಯ. ಒಂದು ನಲವತ್ತು ಸೆಂಟ್ ಬಿದ್ದಿರಬಹುದು" ಅಂದುಬಿಟ್ಟರು!

ಈ ಮಾತನ್ನು ಅವತ್ತಿನಿಂದ ಎಷ್ಟು ಸಲ ನೆನೆಸಿಕೊಂಡೆನೋ. ಸುಳ್ಳು ಹೇಳುವುದೇ ಆದರೆ ಇಪ್ಪತ್ತು ಅನ್ನಬಹುದಿತ್ತು. ಎಂಬತ್ತು ಅನ್ನಬಹುದಿತ್ತು. ನಲವತ್ತೇ ಯಾಕೆ?

"ದೃಷ್ಟಿ ಆಗುತ್ತೆ ಅಂತ" ಅಂದರು ನಮ್ಮ ಮನೆಯವರು. ಅತ್ತೆಗೆ ಮಾತ್ರ ಬೇರೆಯೇ ಅನುಮಾನ. "ಸ್ಪ್ರಿಂಕ್ಲರ್ ಪೈಪು ಕೇಳ್ತಾನೆ ಅಂತ ಭಯ, ಇನ್ನೇನು. ಹೋದ ವರ್ಷ ತಗೊಂಡು ಹೋದವನು ವಾಷರ್ ಎಲ್ಲಾ ಕಳೆದು ಕೊಟ್ಟ." ಆಚೆ ತೋಟದವರ ವಿಷಯದಲ್ಲಿ ನಾನು ಅತ್ತೆ ಪಕ್ಷ. ಆ ಮನುಷ್ಯ ಕೊಟ್ಟಿದ್ದಕ್ಕಿಂತ ಒಯ್ದದ್ದೇ ಜಾಸ್ತಿ. ಆದರೆ ಅತ್ತೆಯ ಲೆಕ್ಕ ಮರುದಿನವೇ ತಪ್ಪಿತು. ಅವರು ಕೇಳುವ ಮೊದಲೇ ಮಾವ ಪೈಪುಗಳನ್ನೆಲ್ಲ ಪಿಕಪ್‌ಗೆ ತುಂಬಿಸಿ ಕಳಿಸಿದರು.

ಹದಿನೈದು ಸೆಂಟ್ ಅಂದರೆ ಏನು ಅಂತ ಮಾವನಿಗೆ ಗೊತ್ತು. ರೊಬಸ್ಟಾಕ್ಕೆ ಒಂದು ಇಂಚಾದರೂ ನೀರು ಬೇಕು. ಕಮ್ಮಿಯಾದರೆ ಮೊಗ್ಗು ಪೂರ್ತಿ ಬಿಡಿಸಿಕೊಳ್ಳದೆ ಅರೆಬರೆ ನಿಂತುಬಿಡುತ್ತದೆ. ಮಳೆಯೇ ಬರದಿದ್ದರೆ ಮೊಗ್ಗು ಇನ್ನೂ ಸ್ವಲ್ಪ ದಿನ ಕಾಯುತ್ತದೆ, ಅರ್ಧ ಮಳೆ ಬಂದರೆ ಮಾತ್ರ ಕಷ್ಟ. ತಕ್ಷಣ ಕೆರೆಗೆ ಮೋಟಾರು ಇಟ್ಟು ನೀರು ಕೊಡಬೇಕು. ಹೂವಾದ ಮೇಲೂ ಎರಡು ಮೂರು ವಾರದೊಳಗೆ ಇನ್ನೊಂದು ಮಳೆ, ಬ್ಯಾಕಿಂಗ್, ಬೇಕೇ ಬೇಕು. ಈ ಮಾರ್ಚ್ ಮಳೆಗೆ ನ್ಯಾಯವೇ ಇಲ್ಲ. ಹಳ್ಳದ ಈಚೆ ಹೊಡೆದು ಆಚೆ ಬಿಟ್ಟುಬಿಡುತ್ತದೆ.

ನಾನು ಹುಟ್ಟಿದ್ದು ಅರಸೀಕೆರೆ ಕಡೆ. ಅಲ್ಲಿ ಮಳೆಗೆ ಇಂಚೂ ಇಲ್ಲ, ಸೆಂಟೂ ಇಲ್ಲ. "ಹದ ಆಯ್ತಾ?" ಅಂತ ಕೇಳುತ್ತಾರೆ, ನೇಗಿಲು ಇಳಿದರೆ ಆಯ್ತು, ಅಷ್ಟೇ. ಆದರೆ ಲೆಕ್ಕ ಮುಚ್ಚಿಡುವುದರಲ್ಲಿ ನಮ್ಮವರೇನೂ ಕಮ್ಮಿಯಿಲ್ಲ. ಅಟ್ಟದ ಮೇಲೆ ತೆಂಗಿನಕಾಯಿ ಹಾಕಿದರೆ ಒಳಗಿನ ನೀರು ಇಂಗಿ ಉಂಡೆ ಕೊಬ್ಬರಿಯಾಗಲು ಹತ್ತಿರ ಹತ್ತಿರ ವರ್ಷ ಬೇಕು. ಅಪ್ಪ ಒಂದೊಂದೇ ಕಾಯಿಯನ್ನು ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿ, ಕೊಬ್ಬರಿ ಲೊಟಲೊಟ ಅಂತಾ ಅಂತ ಕೇಳುವುದನ್ನು ನೋಡುತ್ತಾ ಬೆಳೆದವಳು ನಾನು. ಅಟ್ಟದಲ್ಲಿ ಎಷ್ಟು ಸಾವಿರ ಇದೆ ಅಂತ ಅಮ್ಮನಿಗೂ ಹೇಳುತ್ತಿರಲಿಲ್ಲ. ಯಾರಾದರೂ ಕೇಳಿದರೆ "ಏನೋ ಇದೆ, ಹಬ್ಬಕ್ಕಾಗುತ್ತೆ" ಅನ್ನುತ್ತಿದ್ದರು. ಹಬ್ಬಕ್ಕೆ ಅಷ್ಟು ಕೊಬ್ಬರಿ ಯಾರು ತಿಂತಾರೆ?

ಇಲ್ಲಿಯವರಿಗೂ ಇದು ಹಳೇ ಅಭ್ಯಾಸವೇ ಇರಬೇಕು. ಮಾವನ ಅಪ್ಪನ ಕಾಲದಲ್ಲಿ ಬೆಳೆದ ಕಾಫಿಯನ್ನು ಸ್ವಂತ ಇಷ್ಟಕ್ಕೆ ಮಾರುವ ಹಾಗಿರಲಿಲ್ಲ, ಎಲ್ಲರ ಕಾಫಿಯನ್ನೂ ಒಟ್ಟು ಸೇರಿಸುವ ಕಾಫಿ ಬೋರ್ಡಿನ ಪೂಲ್‌ಗೆ ಕೊಡಬೇಕಿತ್ತು. 1996ರಲ್ಲಿ ಅದು ಪೂರ್ತಿ ಹೋಯಿತು. ಈಗ ಯಾರಿಗೆ ಬೇಕಾದರೂ ಮಾರಬಹುದು. ಆದರೂ ಎಷ್ಟು ಮೂಟೆ ಆಯ್ತು ಅಂದರೆ ಒಬ್ಬರೂ ಬಾಯಿಬಿಡಲ್ಲ. ನೆಂಟರು ಮಗಳ ಸಂಬಳ ಕೇಳಿದ ಹಾಗೆ ಮುಖ ಮಾಡುತ್ತಾರೆ.

ಮಾವ ನಿಜ ಹೇಳುವುದು ಡೈರಿಗೆ ಮಾತ್ರ ಅಂತ ಕಾಣುತ್ತೆ. ಆ ಹಳೇ ಡೈರಿಗಳೆಲ್ಲ ಕಬೋರ್ಡಿನಲ್ಲಿವೆ. ಮಳೆ ಪಕ್ಕದಲ್ಲಿ ಒಂದೊಂದು ಸಾಲು ಇರುತ್ತದೆ. "ಕೆಂದ ಹಸು ಕರು ಹಾಕಿತು." "ಆನೆ ಬಾಳೆ ತಿಂದಿತು." ಗುಡ್ಡಗಳೆಲ್ಲ ಜರಿದ 2019ರ ಆಗಸ್ಟ್ ಪುಟಗಳಲ್ಲಿ "ಕರೆಂಟ್ ಇಲ್ಲ, ದಾರಿ ಇಲ್ಲ" ಅಂತಿದೆ. ಅಷ್ಟು ಮಳೆಯಲ್ಲೂ ಗೊರಬು ಹಾಕಿಕೊಂಡು ಹೋಗಿ ಅಳೆದಿದ್ದಾರೆ. ನಮ್ಮ ಮದುವೆ ದಿನ ಹುಡುಕಿದೆ. "ಮಗನ ಮದುವೆ. ಮಳೆ ಇಲ್ಲ." ಸೊಸೆ ಹೆಂಗಿದಾಳೆ ಅಂತ ಒಂದು ಮಾತಿಲ್ಲ.

ಕೊನೆಗೆ ಅವರನ್ನೇ ಕೇಳಿದೆ. "ಮಾವ, ಯಾಕೆ ನಲವತ್ತು ಅಂದ್ರಿ?"

"ಹದಿನೈದು ಬಿದ್ದವನಿಗೆ ಒಂದು ಹನ್ನೆರಡು ಅಂತ ಹೇಳೋದಾ? ಪಾಪ, ಬೆಳಿಗ್ಗೆ ಬೆಳಿಗ್ಗೆ" ಅಂದರು.

ಒಪ್ಪಿಕೊಂಡೆ. ದೊಡ್ಡ ಮನಸ್ಸು ಅಂತಲೂ ಅನ್ನಿಸಿತು. ಸಂಜೆ ಅರಸೀಕೆರೆಯಿಂದ ಅಪ್ಪ ಫೋನ್ ಮಾಡಿದರು. ಅಲ್ಲಿ ಒಂದು ಹನಿಯೂ ಇಲ್ಲ, ತೆಂಗಿನ ಗರಿ ಜೋತು ಬಿದ್ದಿದೆ. ಇಲ್ಲಿ ಹೇಗೆ ಅಂದಾಗ ನಾನೂ ಸುಮ್ನೆ "ಪರವಾಗಿಲ್ಲ ಅಪ್ಪ, ಏನೋ ಸ್ವಲ್ಪ ಆಯ್ತು" ಅಂದೆ.

"ಸ್ವಲ್ಪ ಎಲ್ಲಿ? ಬೀಗರು ಆವತ್ತೇ ಫೋನ್ ಮಾಡಿ ಹೇಳಿದ್ರಲ್ಲ, ಎರಡು ಇಂಚು ಹೊಡೀತು ಅಂತ!"