ಸುಟ್ಟ ಹುಲ್ಲಿನ ಲೆಕ್ಕ ಕೇಳಿದ ನೆಬ್ರಾಸ್ಕದ ಅಜ್ಜ

ನಾವಿರುವ ಅಮೆರಿಕದ ನೆಬ್ರಾಸ್ಕದಲ್ಲಿ ಪಕ್ಕದ ಮನೆಯ ಅಜ್ಜನಿಗೆ ನಮ್ಮೂರು ತೋರಿಸೋಣ ಅಂತ ವಿಡಿಯೋ ಹಚ್ಚಿದೆ. ಕಾರಟಗಿ ಹತ್ತಿರದ ನಮ್ಮ ಗದ್ದೆ, ಆಚೆ ಕಾಲುವೆ, ಅದರ ದಂಡೆ ಮೇಲೆ ತೆಂಗಿನ ಸಾಲು. ನಾನು ತೋರಿಸಬೇಕು ಅಂದುಕೊಂಡಿದ್ದು ಆ ತೆಂಗು. ಅವರ ಕಣ್ಣು ಬಿದ್ದದ್ದು ಬೆಂಕಿ ಮೇಲೆ. ಭತ್ತ ಕಟಾವಾದ ಮೇಲೆ ನನ್ನ ತಮ್ಮ ಹುಲ್ಲಿಗೆ ಕಡ್ಡಿ ಗೀರಿದ್ದ.

"ಇಷ್ಟು ಮೇವು ಯಾಕೆ ಸುಡ್ತಿದ್ದಾನೆ? ಅವನ ದನಕ್ಕೆ ಬೇಡ್ವಾ?"

ಕೇಳಿದ ದನಿಯಲ್ಲಿ ವ್ಯಂಗ್ಯ ಇರಲಿಲ್ಲ, ನಿಜವಾಗಿಯೂ ತಿಳಿಯದೆ ಕೇಳಿದರು. ಅದಕ್ಕೇ ಜಾಸ್ತಿ ಚುಚ್ಚಿತು. ನಾನು ಏನೋ ಹೇಳಿ ಮಾತು ತಿರುಗಿಸಿದೆ, ಆದರೆ ಆ ಪ್ರಶ್ನೆ ಆವತ್ತಿನಿಂದ ತಲೆಯಲ್ಲೇ ಕೂತಿದೆ.

ಇಲ್ಲಿ ಮನುಷ್ಯರಿಗಿಂತ ದನಗಳೇ ಜಾಸ್ತಿ, ಹೆಚ್ಚುಕಡಿಮೆ ಮೂರು ಪಟ್ಟು. ಅಜ್ಜನದೂ ಅದೇ ಕಸುಬು. ತಾಯಿ ಹಸುಗಳನ್ನು ಸಾಕುತ್ತಾರೆ, ಕರು ದೊಡ್ಡದಾದ ಮೇಲೆ ಮಾರುತ್ತಾರೆ, ಅವು ಮಾಂಸಕ್ಕೇ ಹೋಗುತ್ತವೆ. ಊರಿಗೆ ಫೋನ್ ಮಾಡಿದಾಗ ಅವ್ವ ಪ್ರತಿ ಸಲ "ಆ ಮುದುಕನ ಆಕಳು ಎಷ್ಟು ಹಾಲು ಕೊಡ್ತಾವು" ಅಂತ ಕೇಳೋದು, ನಾನು ಮುಚ್ಚುಮರೆ ಮಾಡೋದು ನಡೆದಿತ್ತು. ಕೊನೆಗೆ ನನ್ನ ಮಗಳೇ ವಿಡಿಯೋ ಕಾಲ್‌ನಲ್ಲಿ ಎಲ್ಲ ಹೇಳಿಬಿಟ್ಟಳು. ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಕೇಳಿದ್ದು, "ಇರ್ಲಿ, ಅಷ್ಟು ಚಳ್ಯಾಗ ಅವಕ್ಕ ಕೆಳಗ ಏನ್ ಹಾಸ್ತಾರ?"

ಮೆಕ್ಕೆಜೋಳದ ದಂಟು ಹಾಸುತ್ತಾರೆ. ಅದನ್ನೇ ಮೇಯಿಸುತ್ತಾರೆ ಕೂಡ. ಕಟಾವಾದ ಹೊಲಕ್ಕೆ ಒಂದು ತಂತಿ ಬೇಲಿ ಎಳೆದು ಹಸುಗಳನ್ನು ಒಳಗೆ ಬಿಟ್ಟರೆ ಮುಗಿಯಿತು. ಮೊದಲು ಉದುರಿದ ಕಾಳು ತಿನ್ನುತ್ತವೆ, ಆಮೇಲೆ ಎಲೆ, ಕೊನೆಗೆ ಒಲ್ಲದ ಮನಸ್ಸಿನಿಂದ ದಂಟು. ಆದರೆ ಆ ಮೇವಿನಲ್ಲಿ ಪ್ರೋಟೀನ್ ಶೇಕಡ 5 ರಿಂದ 6 ಅಷ್ಟೇ. 7ಕ್ಕಿಂತ ಕೆಳಗೆ ಇಳಿದರೆ ಹಸುವಿನ ಹೊಟ್ಟೆಯೊಳಗಿನ ಸೂಕ್ಷ್ಮಜೀವಿಗಳಿಗೇ ಊಟ ಸಾಲಲ್ಲ, ನಾರು ಕರಗಲ್ಲ, ಎದುರಿಗೆ ರಾಶಿ ಮೇವಿದ್ದರೂ ದನ ಸೊರಗುತ್ತದೆ. ಮೇಲಿಂದ ಈ ಚಳಿ. ಮೈಕೂದಲು ದಟ್ಟವಾಗಿ, ಒಣಗಿ ಇದ್ದರೆ ಹಸು ಸುಮಾರು ಮೈನಸ್ 7 ಡಿಗ್ರಿವರೆಗೂ ಆರಾಮಾಗಿ ತಡೆಯುತ್ತದೆ. ಅದೇ ಮೈ ತೊಯ್ದರೆ 15 ಡಿಗ್ರಿಗೇ ಅದಕ್ಕೆ ಚಳಿ ಶುರು. ಆ ಮಟ್ಟಕ್ಕಿಂತ ಒಂದೊಂದು ಡಿಗ್ರಿ ಇಳಿದ ಹಾಗೆ ಮೈ ಬಿಸಿ ಇಟ್ಟುಕೊಳ್ಳೋಕೆ ಹೆಚ್ಚುಕಡಿಮೆ ಶೇಕಡ 2ರಷ್ಟು ಜಾಸ್ತಿ ಶಕ್ತಿ ಬೇಕು.

ಆ ಕೊರತೆ ತುಂಬೋಕೆ ಕಾಳು ಕೊಂಡರೆ ಕರು ಮಾರಿದ ರೊಕ್ಕ ಅಲ್ಲೇ ಹೋಗುತ್ತದೆ. ಹಾಗಾಗಿ ಅಜ್ಜ ಕಾರ್ಖಾನೆಗಳು ಬಿಟ್ಟ ಚರಟ ಹುಡುಕುತ್ತಾರೆ. ಸೋಯಾ ಹೊಟ್ಟು, ಸಕ್ಕರೆ ಬೀಟಿನ ಸಿಪ್ಪೆ, ಗೋಧಿ ಬೂಸಾ, ಎಲ್ಲಕ್ಕಿಂತ ಹೆಚ್ಚಾಗಿ ಎಥನಾಲ್ ಕಾರ್ಖಾನೆಯ ಹಿಂಡಿ. ಇಲ್ಲಿ ಮೆಕ್ಕೆಜೋಳ ಕೊಳೆಸಿ ಕಾರಿಗೆ ಹಾಕುವ ಎಥನಾಲ್ ತೆಗೆಯುತ್ತಾರೆ. 25 ಕೆಜಿ ಕಾಳಿಗೆ ಹತ್ತು ಲೀಟರಿನ ಮೇಲೆ ಎಥನಾಲ್, ಎಂಟು ಕೆಜಿ ಹತ್ತಿರ ಒಣ ಹಿಂಡಿ. ಹಿಟ್ಟಿನ ಅಂಶ ಎಥನಾಲ್ ಆಗಿ ಹೋದ ಮೇಲೆ ಉಳಿದದ್ದೆಲ್ಲ ಮೂರು ಪಟ್ಟು ಗಟ್ಟಿಯಾಗುತ್ತದೆ, ಪ್ರೋಟೀನೇ ಶೇಕಡ 28 ರಿಂದ 30. ದಂಟು ಮೇಯುವ ಹಸುವಿಗೆ ದಿನಕ್ಕೆ ಒಂದು, ಒಂದೂವರೆ ಕೆಜಿ ಹಾಕಿದರೆ ಸಾಕು.

ಈ ಹಿಂಡಿ ಹಸಿಯದೂ ಸಿಗುತ್ತದೆ, ಒಣಗಿದ್ದೂ ಸಿಗುತ್ತದೆ. ನಾನು ಸಹಜವಾಗಿ ಹಸಿಯದೇ ಅಗ್ಗ ಅಲ್ವಾ ಅಂದೆ. ಅಜ್ಜ ಒಂದು ಹಾಳೆ ಹರಿದು ಬರೆದು ತೋರಿಸಿದರು. ಹಸಿಯದು ಟನ್ನಿಗೆ 70 ಡಾಲರ್ ಅಂತ ಹಿಡಿ, ಅದರಲ್ಲಿ ನೀರು ಬಿಟ್ಟು ಉಳಿಯುವ ಒಣ ಪದಾರ್ಥ ಶೇಕಡ 35. ಒಣಗಿದ್ದು 180 ಡಾಲರ್ ಅಂತ ಹಿಡಿ, ಅದರಲ್ಲಿ ಒಣ ಪದಾರ್ಥ 90. ಭಾಗಿಸಿ ನೋಡಿದರೆ ಒಂದು ಟನ್ ಒಣ ಪದಾರ್ಥಕ್ಕೆ ಎರಡೂ ಕಡೆ 200 ಡಾಲರ್! ಅಂದಮೇಲೆ ಹಸಿಯದನ್ನು ದೂರದಿಂದ ತಂದವನು ನೀರಿಗೆ ಬಾಡಿಗೆ ಕೊಟ್ಟ ಹಾಗೆ. ಬಿಸಿಲಿದ್ದರೆ ವಾರದಲ್ಲಿ ಬೂಸ್ಟು ಹಿಡಿಯುತ್ತದೆ, ಚಳಿಗಾಲದಲ್ಲಿ ಹೆಪ್ಪುಗಟ್ಟಿ ಸಲಿಕೆ ಮುರಿಯುತ್ತದೆ. ಕಾರ್ಖಾನೆ ಪಕ್ಕದಲ್ಲೇ ಇರೋರಿಗೆ ಮಾತ್ರ ಅದು ಲಾಭ.

ಅಷ್ಟಕ್ಕೇ ಬಿಡುವವರಲ್ಲ ಅವರು. ಒಳ್ಳೆಯದು ಮೂರು ಪಟ್ಟಾದರೆ ಕೆಟ್ಟದ್ದೂ ಮೂರು ಪಟ್ಟಾಗುತ್ತದಲ್ಲ! ಕಾಳಿನಲ್ಲಿ ಬೂಸ್ಟಿನ ವಿಷ ಸ್ವಲ್ಪ ಇದ್ದರೆ ಹಿಂಡಿಯಲ್ಲಿ ಜಾಸ್ತಿ. ಕಾರ್ಖಾನೆಯಲ್ಲಿ ಆಮ್ಲ ಬಳಸುವುದರಿಂದ ಗಂಧಕ ಸೇರಿರುತ್ತದೆ. ಒಟ್ಟು ಮೇವಿನಲ್ಲಿ ಅದು ಶೇಕಡ 0.4 ದಾಟಿದರೆ ಮಿದುಳಿಗೆ ಪೆಟ್ಟು ಬಿದ್ದು ದನ ಕುರುಡಾಗಬಹುದು, ಕುಡಿಯುವ ನೀರಿನ ಗಂಧಕವೂ ಆ ಲೆಕ್ಕಕ್ಕೇ ಸೇರಬೇಕು. ರಂಜಕ ಹೆಚ್ಚು, ಕ್ಯಾಲ್ಸಿಯಂ ಕಡಿಮೆ, ಹಾಗಾಗಿ ಸುಣ್ಣದ ಕಲ್ಲಿನ ಪುಡಿ ಬೆರೆಸಬೇಕು. ಪ್ರತಿ ಲೋಡಿಗೂ ಪರೀಕ್ಷೆಯ ಚೀಟಿ ಕೇಳುತ್ತಾರೆ. ಚೀಟಿ ಇಲ್ಲ ಅಂದರೆ ಲಾರಿ ವಾಪಸ್.

ಇದನ್ನೆಲ್ಲ ಕೇಳುವಾಗ ನೆನಪಾದದ್ದು ಅಪ್ಪ. ಅಪ್ಪನ ಕೈಯಲ್ಲಿ ಚೀಟಿ ಇರಲಿಲ್ಲ, ಆದರೆ ತೌಡು ತರೋಕೆ ರೈಸ್ ಮಿಲ್ಲಿಗೆ ಹೋದರೆ ಮೊದಲು ಮುಷ್ಟಿಯಲ್ಲಿ ಹಿಡಿದು ಅದುಮುತ್ತಿದ್ದರು. ಮುದ್ದೆ ನಿಂತರೆ ಎಣ್ಣೆ ಅಂಶ ಇದೆ ಅಂತ. ಮೂಸಿ ನೋಡುತ್ತಿದ್ದರು, ಕಮಟು ವಾಸನೆ ಬಂದರೆ ಬೇಡ. ಅನುಮಾನ ಬಂದರೆ ಒಂದು ಚೆಂಬು ನೀರಿಗೆ ಹಾಕುತ್ತಿದ್ದರು, ಬೀಸಿ ಬೆರೆಸಿದ ಹೊಟ್ಟು ಮೇಲೆ ತೇಲುತ್ತದೆ, ಮಣ್ಣು ಕೆಳಗೆ ಕೂರುತ್ತದೆ. ಮಿಲ್ಲಿನವರು ಅಪ್ಪನನ್ನು ಕಂಡರೆ ಮುಖ ಸಿಂಡರಿಸುತ್ತಿದ್ದರು. ಬೇಸಾಯದ ದಿನಗಳಲ್ಲಿ ಎತ್ತಿಗೆ ರಾತ್ರಿ ನೆನೆಸಿದ ಹತ್ತಿಕಾಳು, ಮೇಲೆ ಬಿಳಿಜೋಳದ ಕಣಿಕೆ. ಹಿತ್ತಲಲ್ಲಿ ಬಣವೆ ಸಣ್ಣದಿದ್ದರೆ ಹೆಣ್ಣು ಕೊಡೋರು ಹಿಂದೆಮುಂದೆ ನೋಡುತ್ತಿದ್ದ ಕಾಲ ಅದು. ಅಜ್ಜ ಇವತ್ತು ಕ್ಯಾಲ್ಕುಲೇಟರ್ ಹಿಡಿದು ಕೇಳುವ ಪ್ರಶ್ನೆಯನ್ನೇ ಅಪ್ಪ ಮುಷ್ಟಿ ಹಿಡಿದು ಕೇಳುತ್ತಿದ್ದರು.

ಒಂದು ಭಾನುವಾರ ತಮ್ಮನಿಗೆ ಫೋನ್ ಹಚ್ಚಿ, ಯಾಕೋ ಸುಟ್ಟಿ ಅಂದೆ.

"ಸುಡ್ಲಿಲ್ಲಂದ್ರ ಏನ್ ಮಾಡ್ಲಿ ಅಣ್ಣಾ? ಮಷಿನ್ ಕೊಯ್ದು ಹುಲ್ಲು ಚೂರುಚೂರು ಮಾಡಿ ಬಿಟ್ಟು ಹೋಗ್ತೈತಿ. ಆಳು ಸಿಗಂಗಿಲ್ಲ. ಎರಡ್ನೇ ಬೆಳೀಗೆ ನೀರು ಬಿಡೋದ್ರಾಗ ಗದ್ದಿ ಖಾಲಿ ಆಗಬೇಕು. ಎತ್ತು ಮಾರಿ ಎಷ್ಟು ವರ್ಷ ಆತು? ಇರೋದು ಅವ್ವನ ಒಂದು ಎಮ್ಮಿ. ಅದು ಅಷ್ಟೂ ತಿಂತೈತೇನು?"

ಉತ್ತರ ಕೊಡೋಕೆ ಆಗಲಿಲ್ಲ. ಅವನು ಹೇಳಿದ್ದು ಪೂರ್ತಿ ನಿಜ. ಆದರೂ ನನಗೆ ಸಿಟ್ಟು ಬರೋದು ಇಲ್ಲಿ: ನಮ್ಮದೇ ಜಿಲ್ಲೆಯ ಕುಷ್ಟಗಿ, ಯಲಬುರ್ಗಾ ಕಡೆ ಮಳೆ ಕೈಕೊಟ್ಟ ವರ್ಷ ಮೇವಿಲ್ಲದೆ ದನ ಸಂತೆಗೆ ಹೊಡೆಯುತ್ತಾರೆ, ಮೇವು ಬ್ಯಾಂಕ್ ತೆರೆಯಿರಿ ಅಂತ ಅರ್ಜಿ ಹಿಡಿದು ಅಲೆಯುತ್ತಾರೆ, ಮಳೆ ಚೆನ್ನಾಗಿ ಆದ ವರ್ಷ ನೀರಾವರಿ ಭಾಗದವರು ಅದೇ ಮೇವು ಸುಡುತ್ತೇವೆ. ಈಗ ಹುಲ್ಲು ಸುತ್ತಿ ಕಟ್ಟುವ ಬೇಲರ್ ಮಷಿನ್ನೂ ಬಂದಿದೆ. ಭತ್ತದ ಹುಲ್ಲಿನಲ್ಲಿ ಪ್ರೋಟೀನ್ ಬರೀ 3-4, ನಿಜ. ಆದರೆ 100 ಕೆಜಿ ಹುಲ್ಲಿಗೆ 4 ಕೆಜಿ ಯೂರಿಯಾ ನೀರಲ್ಲಿ ಕರಗಿಸಿ ಚಿಮುಕಿಸಿ, ಗಾಳಿ ಆಡದ ಹಾಗೆ ಮೂರು ವಾರ ಮುಚ್ಚಿಟ್ಟರೆ ಅದು 7ರ ಹತ್ತಿರ ಬರುತ್ತದೆ. ಇದೇನು ಹೊಸ ವಿದ್ಯೆ ಅಲ್ಲ, ಎಷ್ಟೋ ವರ್ಷಗಳಿಂದ ಕೃಷಿ ಮೇಳಗಳಲ್ಲಿ ಹೇಳಿಕೊಂಡು ಬಂದಿದ್ದಾರೆ.

ಇದನ್ನೆಲ್ಲ ತಮ್ಮನಿಗೆ ಹೇಳಿದೆ. ಅವನು ನಕ್ಕ. "ನಿಮ್ಮ ಮುದುಕ ಭಾಳ ಶ್ಯಾಣ್ಯಾ ಅದಾನ. ಮಂದಿ ತಿನ್ನೋ ಜ್ವಾಳ ಕೊಳಿಸಿ ಕಾರಿಗೆ ಕುಡಿಸ್ತಾರಲ್ಲ, ಅದಕ್ಕ ಏನಂತಾನ ಕೇಳು ಮೊದ್ಲ."

ಕೇಳಿದೆ. ಅಜ್ಜ ಹೊಟ್ಟೆ ಹಿಡಿದು ನಕ್ಕರು, ಉತ್ತರ ಮಾತ್ರ ಕೊಡಲಿಲ್ಲ.

ಮಜಾ ಅಂದರೆ ಆ ಹಿಂಡಿ ಈಗ ನಮ್ಮ ಕಡೆಗೂ ಬಂದಿದೆ. ನಮ್ಮ ದೇಶದಲ್ಲೂ ಅಕ್ಕಿ, ಮೆಕ್ಕೆಜೋಳದಿಂದ ಎಥನಾಲ್ ತೆಗೆಯೋದು ಜೋರಾದ ಮೇಲೆ ಅದರ ಹಿಂಡಿ ರಾಶಿ ಬಿದ್ದು ಸೋಯಾ ಹಿಂಡಿಯ ದರವನ್ನೂ ಇಳಿಸಿತ್ತು. ಮೊನ್ನೆ ತಮ್ಮನೇ ಫೋನ್ ಮಾಡಿ, ಅಂಗಡಿಯವ ಶೇಂಗಾ ಹಿಂಡಿಗಿಂತ ಅಗ್ಗದ್ದು ಒಂದು ಹೊಸ ಹಿಂಡಿ ಕೊಡ್ತಾನೆ, ಎಮ್ಮೆಗೆ ಹಾಕ್ಲೇನು ಅಂತ ಕೇಳಿದ. ಬಣ್ಣ ನೋಡು ಅಂದೆ, ಬಂಗಾರದ ಬಣ್ಣ ಇದ್ದರೆ ಸರಿ, ಕಾಫಿಪುಡಿ ಹಾಗೆ ಕಪ್ಪಗಿದ್ದರೆ ಒಣಗಿಸುವಾಗ ಸುಟ್ಟಿದೆ, ಪ್ರೋಟೀನ್ ಇದ್ದರೂ ದನದ ಮೈಗೆ ಹತ್ತಲ್ಲ. ಮೂಸಿ ನೋಡು, ಬೂಸ್ಟು ವಾಸನೆ ಇದ್ದರೆ ಮುಟ್ಟಬೇಡ, ಹಾಲಿನ ಎಮ್ಮೆಗಂತೂ ಬೇಡವೇ ಬೇಡ, ಆ ವಿಷ ಹಾಲಿಗೂ ಇಳಿಯುತ್ತದೆ. ತೇವ ಎಷ್ಟು, ಪ್ರೋಟೀನ್ ಎಷ್ಟು ಅಂತ ಚೀಟಿ ಕೇಳು. ಸರಿ ಇದ್ದರೆ ಸ್ವಲ್ಪ ಸ್ವಲ್ಪ ಬೆರೆಸಿ ರೂಢಿ ಮಾಡಿಸು.

ತಮ್ಮ ಹೋಗಿ ಚೀಟಿ ಕೇಳಿದ್ದಾನೆ. ಅಂಗಡಿಯವ "ಯಾಕ, ನಿಮ್ಮ ಎಮ್ಮಿ ಸಾಲಿಗೆ ಹೋಗತೈತೇನು?" ಅಂದನಂತೆ. ಅಲ್ಲಿದ್ದವರೆಲ್ಲ ನಕ್ಕರಂತೆ. ಇವನು ಅಪ್ಪನ ಹಾಗೆ ಚೀಲಕ್ಕೆ ಕೈ ಹಾಕಿ, ಮೂಸಿ, ಕಪ್ಪಗೈತಿ ಅಂತ ವಾಪಸ್ ಸುರಿದು ಎದ್ದು ಹೊರಟಿದ್ದಾನೆ. ಆಗ ಅಂಗಡಿಯವ ಒಳಗಿನಿಂದ ಬೇರೆ ಚೀಲ ತರಿಸಿದನಂತೆ.